ಬೆನ್ನಿನ ಹೊಲಿಗೆ

ಅವಳು ಸ್ನಾನ ಮುಗಿಸಿ ಬರುವುದರೊಳಗೆ ಬಿಚ್ಚಿಬಿಟ್ಟರೆ ಅದು ಮೋಸವೇ, ಇಲ್ಲ ಬರೀ ಕೆಲಸವೇ? ಹೊಲಿಗೆ ತನ್ನದು. ತಾನು ಹಾಕಿದ್ದನ್ನು ತಾನೇ ಬಿಚ್ಚುವುದಕ್ಕೆ ಯಾರ ಅಪ್ಪಣೆ ಬೇಕು? ಆದರೆ ಹಾಕುವಾಗಲೂ ಯಾರ ಅಪ್ಪಣೆಯನ್ನೂ ಕೇಳಿರಲಿಲ್ಲವಲ್ಲ. ಕೇಳಬೇಕಾಗಿದ್ದವಳು ಈಗ ಇಲ್ಲ. ಇರುವವಳು ಬಚ್ಚಲಿನಲ್ಲಿದ್ದಾಳೆ. ಅವಳಿಗೆ ಹೇಳಿಬಿಡಬಹುದು. ಬಾಗಿಲ ಹೊರಗೆ ನಿಂತು, ನೀರಿನ ಸದ್ದಿನ ನಡುವೆ, ಮುಖ ನೋಡದೆ ಹೇಳಿಬಿಡಬಹುದು. ಹೇಳಿದರೆ ಏನಾಗುತ್ತದೆ? ಅಳುತ್ತಾಳೆ. ಇಲ್ಲ, ಅಳುವುದಿಲ್ಲ, ಸುಮ್ಮನಾಗುತ್ತಾಳೆ. ಈ ಮನೆಯಲ್ಲಿ ಸುಮ್ಮನಾಗುವುದು ಅಳುವುದಕ್ಕಿಂತ ದೊಡ್ಡದು.

ಬ್ಲೇಡನ್ನು ಎರಡು ಬೆರಳ ನಡುವೆ ಹಿಡಿದು ಅವನು ಮೇಜಿನ ಮುಂದೆ ನಿಂತೇ ಇದ್ದ. ಮೇಜಿನ ಮೇಲೆ ಅಕ್ಕನ ಹಸಿರು ಕೋಟು ಎರಡೂ ತೋಳು ಚಾಚಿಕೊಂಡು ಬೋರಲು ಮಲಗಿತ್ತು. ಅಕ್ಕ ಹೋಗಿ ನಾಲ್ಕು ತಿಂಗಳು. ಅವತ್ತು ಕೋಟನ್ನು ಬೀರುವಿನಲ್ಲಿ ನೇತುಹಾಕಿ ಬಾಗಿಲು ಮುಚ್ಚಿದವನು ಆಮೇಲೆ ಆ ಬಾಗಿಲು ತೆಗೆದಿರಲಿಲ್ಲ. ನಿನ್ನೆ ಸಂಜೆ ಬಂದಿಳಿದ ಅಕ್ಕನ ಮಗಳು ಚೀಲವನ್ನು ಕೂಡ ಕೆಳಗಿಡದೆ ನೇರವಾಗಿ ಆ ಬೀರುವಿಗೇ ಕೈ ಹಾಕಿದ್ದಳು.

"ಮಾಮ, ಇದು ನಂಗೆ ಬೇಕು."

"ತಗೋ."

"ನೋಡು, ಎಷ್ಟು ಹಿಡೀತಿದೆ. ಉಸಿರಾಡೋಕೂ ಕೇಳ್ಕೋಬೇಕು. ನಾಡಿದ್ದು ಹೊರಡುವಾಗ ಇದನ್ನೇ ಹಾಕ್ಕೊಂಡು ಹೋಗ್ತೀನಿ. ನಾಳೆ ಸರಿ ಮಾಡೋಣ."

"ನಾನು ಮಾಡಿಡ್ತೀನಿ ಬಿಡು."

"ಊಹೂಂ. ಬಿಚ್ಚೋದು ನಾನು. ನೀನು ಪಕ್ಕದಲ್ಲಿ ಕೂತು ಹೇಳ್ಕೊಟ್ರೆ ಸಾಕು. ಅಮ್ಮನ ಹತ್ರ ಅಂತೂ ಕಲೀಲಿಲ್ಲ. ಈ ಮನೇಲಿ ಹುಟ್ಟಿ ಒಂದು ಗುಂಡಿ ಹೊಲಿಯೋಕೆ ಬರಲ್ಲ ಅಂದ್ರೆ ಜನ ನಗ್ತಾರೆ."

"ಅದೂ ಹೆಸರು ಬೇರೆ ಗುಂಡಿ," ಎಂದ ಅವನು.

ಅವಳಿಗೆ ಆ ಹೆಸರು ಬಂದದ್ದು ಎರಡನೇ ವರ್ಷದಲ್ಲಿ. ಅಮ್ಮನ ಡಬ್ಬಿಯಿಂದ ಒಂದು ಕಂದು ಗುಂಡಿಯನ್ನು ಎತ್ತಿಕೊಂಡು ಗುಳುಂ ಎಂದು ನುಂಗಿಬಿಟ್ಟಿದ್ದಳು. ಎರಡು ದಿನ ಮನೆಯವರೆಲ್ಲ ಬೇರೆ ಕೆಲಸ ಬಿಟ್ಟು ಆ ಗುಂಡಿಯ ದಾರಿ ಕಾದರು. ಮೂರನೆಯ ದಿನ ಅದು ಬಂತು. ಅಕ್ಕ ಅದನ್ನು ಬಿಸಿನೀರಿನಲ್ಲಿ ಮೂರು ಸಲ ತೊಳೆದು ಜೋಪಾನವಾಗಿ ಎತ್ತಿಟ್ಟಳು. ವರ್ಷಗಳ ಮೇಲೆ ಈ ಕೋಟು ಹೊಲಿದಾಗ ನಾಲ್ಕನೆಯ ಗುಂಡಿಯಾಗಿ ಅದನ್ನೇ ಹಾಕಿದಳು. ಬಂದವರಿಗೆಲ್ಲ ತೋರಿಸುತ್ತಿದ್ದಳು: "ಇದು ನನ್ನ ಮಗಳ ಒಳಗೆ ಹೋಗಿ ಬಂದಿರೋ ಗುಂಡಿ. ಇಂಥದ್ದು ಯಾವ ಅಂಗಡೀಲಿ ಸಿಗುತ್ತೆ ಹೇಳಿ?" ಬಂದವರು ಕೈ ಹಿಂದೆ ತೆಗೆದುಕೊಳ್ಳುತ್ತಿದ್ದರು.

ಕೋಟಿನ ಏಳು ಗುಂಡಿಗಳೂ ಏಳು ಥರ. ಒಂದು ಅಪ್ಪನ ಕೆಲಸದ ಅಂಗಿಯದು, ಒಂದು ಅಮ್ಮನ ಕೈಚೀಲದ್ದು, ಒಂದು ಇವನು ಮೊದಲ ಸಲ ಶಾಲೆಗೆ ಹಾಕಿಕೊಂಡು ಹೋದ ಸ್ವೆಟರಿನದು. ಬಟ್ಟೆ ಮಾತ್ರ ಮುಚ್ಚಿಹೋದ ಒಂದು ಸಿನಿಮಾ ಮಂದಿರದ ಪರದೆಯದು. ಅದನ್ನು ಹೊತ್ತು ತಂದ ದಿನ ಅಕ್ಕ ನಾಲ್ಕು ಬಕೆಟ್ ನೀರಲ್ಲಿ ನೆನೆಹಾಕಿ, "ಎಷ್ಟು ಜನ ಅತ್ತ ಕಣ್ಣೀರು ಇದೆಯೋ ಇದರಲ್ಲಿ, ಬಣ್ಣ ಬಿಡ್ತಾನೇ ಇದೆ," ಎಂದಿದ್ದಳು.

ಮನೆಯ ತುಂಬ ಅವಳ ಕೈಯೇ. ಅಪ್ಪನ ಹಳೆಯ ಪ್ಯಾಂಟು ಜೇಬು ಸಮೇತ ತರಕಾರಿ ಚೀಲವಾಗಿತ್ತು. ಆ ಜೇಬಿನಲ್ಲೇ ಬೀಗದ ಕೈ ಇರುತ್ತಿತ್ತು. ಹರಿದ ಕೊಡೆಯ ಬಟ್ಟೆ ಇವನಿಗೆ ಮಳೆಗಾಲದ ಟೋಪಿಯಾಗಿತ್ತು. ರೇಡಿಯೋಗೆ ಅಂಗಿ, ಫ್ಲಾಸ್ಕಿಗೆ ಅಂಗಿ, ಕುರ್ಚಿಯ ಕಾಲಿಗೆ ಕಾಲುಚೀಲ. "ಸುಮ್ನೆ ಒಂದು ಕಡೆ ಕೂತಿರಬೇಡ ಕಣೋ, ನಿಂಗೂ ಒಂದು ಕವರು ಹೊಲಿದುಬಿಡ್ತೀನಿ," ಎಂದು ತಮ್ಮನನ್ನು ರೇಗಿಸುತ್ತಿದ್ದಳು. ಅವನು ಹೆಚ್ಚು ಹೊತ್ತು ಸುಮ್ಮನೆ ಒಂದು ಕಡೆ ಕೂತಿರುವವನೇ.

ಹೊಲಿಗೆ ಅವನಿಗೆ ಬಂದದ್ದೂ ಅವಳಿಂದ. ಓದು ಮುಗಿಸಿ, ಪದವಿಯ ಕಾಗದ ಹಿಡಿದುಕೊಂಡು ಒಂದು ವರ್ಷ ಕಿಟಕಿಯ ಹತ್ತಿರ ಕೂತ ಮೇಲೆ ಅವನು ಒಂದು ದೊಡ್ಡ ಬಟ್ಟೆ ಅಂಗಡಿಯ ನೆಲಮಾಳಿಗೆಯಲ್ಲಿ ಕೆಲಸಕ್ಕೆ ಸೇರಿದ. ಮೇಲೆ ಗಿರಾಕಿ ಕೊಂಡ ಸಿದ್ಧ ಉಡುಪು ಕೆಳಗೆ ಇವನ ಮೇಜಿಗೆ ಬರುತ್ತಿತ್ತು. ಸಡಿಲವಾದದ್ದನ್ನು ಹಿಡಿಯುವುದು, ಬಿಗಿಯಾದದ್ದನ್ನು ಬಿಡುವುದು. ಇಪ್ಪತ್ತೆರಡು ವರ್ಷದಿಂದ ಅಷ್ಟೇ. ಗಿರಾಕಿಗೆ ಇವನ ಮುಖ ಕಾಣುವುದಿಲ್ಲ, ಕೆಲಸವೂ ಕಾಣುವುದಿಲ್ಲ. ಕಂಡರೆ ಕೆಲಸ ಕೆಟ್ಟಿತೆಂದೇ ಅರ್ಥ. ಅವನಿಗೆ ಇದು ಹೇಳಿ ಮಾಡಿಸಿದ ಹಾಗಿತ್ತು.

ಮೊದಲ ದಿನ ಕೆಲಸಕ್ಕೆ ಹೊರಟಾಗ ಅಕ್ಕ ಒಂದೇ ಮಾತು ಹೇಳಿಕೊಟ್ಟಿದ್ದಳು. "ಏನು ಹಿಡಿಯೋದಿದ್ರೂ ಬದೀಲಿ ಹಿಡಿ. ಬೆನ್ನಿನ ಹೊಲಿಗೆಗೆ ಮಾತ್ರ ಕೈ ಹಾಕಬೇಡ. ಅದು ಕೋಟಿನ ನಡುಗಂಬ. ಅಲ್ಲಿ ಎಳೆ ಅಲುಗಿದ್ರೆ ಕಾಲರು, ಭುಜ, ಅಂಚು ಎಲ್ಲಾ ಅಲುಗುತ್ತೆ. ದೇವರೇ ಬಂದು ಬೆನ್ನು ಹಿಡಿ ಅಂದ್ರೂ ಆಗಲ್ಲ ಅನ್ನು." ಇಪ್ಪತ್ತೆರಡು ವರ್ಷದಲ್ಲಿ ಅವನು ಒಂದೇ ಒಂದು ಸಲ ಕೂಡ ಬೆನ್ನಿನ ಹೊಲಿಗೆ ಮುಟ್ಟಿರಲಿಲ್ಲ. ಅಂಗಡಿಯ ಮೇಲ್ವಿಚಾರಕಿ ಎಷ್ಟೋ ಸಲ ಸಿಡುಕಿದ್ದಳು. ಅವನದು ಒಂದೇ ಉತ್ತರ: "ಆಗಲ್ಲ ಮೇಡಂ."

ಬಚ್ಚಲಿನಲ್ಲಿ ನೀರು ನಿಂತಿತು. ಮತ್ತೆ ಶುರುವಾಯಿತು. ತಲೆಗೆ ಸ್ನಾನ ಮಾಡುತ್ತಿದ್ದಾಳೆ, ಇನ್ನೂ ಹತ್ತು ನಿಮಿಷ. ಅವನು ಕೋಟಿನ ಕೆಳಅಂಚಿನಲ್ಲಿ ಒಳಪದರದ ಅಸ್ತರಿನ ಹೊಲಿಗೆಯನ್ನು ಎರಡು ಗೇಣು ಬಿಡಿಸಿ, ಬದಿಯ ಹೊಲಿಗೆಯಷ್ಟನ್ನೇ ಆ ಸಂದಿಯಿಂದ ಹೊರಕ್ಕೆ ಎಳೆದುಕೊಂಡ. ಎಡಬದಿಯಲ್ಲಿ ಅಕ್ಕನ ಮೂಲ ಹೊಲಿಗೆ. ಅದರ ಪಕ್ಕದಲ್ಲಿ ಕಾಲಿಂಚು ಬಿಟ್ಟು ಕಾಲಿಂಚಿಗೆ ಒಂದರಂತೆ ಮೂರು ಸಾಲು. ಅಂಗಡಿಯ ಯಂತ್ರದ ಸಣ್ಣ, ಒತ್ತೊತ್ತಾದ ಹೊಲಿಗೆ. ಅಕ್ಕನ ಮಗಳಿಗೆ ಸೂಜಿ ಹಿಡಿಯಲು ಬಾರದಿರಬಹುದು. ಆದರೆ ಅವಳು ದೂರದ ಊರಿನಲ್ಲಿ ಕನ್ನಡಕದ ಗಾಜು ಉಜ್ಜುವ ಕೆಲಸ ಕಲಿಯುತ್ತಿದ್ದಳು. ಕೂದಲೆಳೆಯ ಗೀರು ಹುಡುಕುವ ಕಣ್ಣು. ಒಂದರ ಪಕ್ಕ ಒಂದು ಮೂರು ಸಾಲು ನೋಡಿ, ಇದೇನು ಮಾಮ, ಎಂದು ಕೇಳದೆ ಬಿಡುವವಳಲ್ಲ.

ಅವನು ಮೊದಲ ಎಳೆಯನ್ನು ಕೊಯ್ದ.

ಅಕ್ಕನ ಕಾಯಿಲೆ ಗೊತ್ತಾದ ಮೇಲೆ ಮೂರು ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಬೇಕಾಗಿತ್ತು. ದೊಡ್ಡ ಹಜಾರದಲ್ಲಿ ಸಾಲುಸಾಲು ಕುರ್ಚಿ, ಪ್ರತಿ ಕುರ್ಚಿಗೂ ನೇತುಹಾಕಿದ ಒಂದು ಔಷಧಿಯ ಸೀಸೆ. ಹಜಾರ ಮಂಜಿನಂತೆ ತಣ್ಣಗಿರುತ್ತಿದ್ದುದರಿಂದ ಅಕ್ಕ ಹಸಿರು ಕೋಟು ಹಾಕಿಕೊಂಡೇ ಹೋಗುತ್ತಿದ್ದಳು. ಸೀಸೆ ಏರಿಸುವ ಮೊದಲು ತೂಕ ನೋಡುತ್ತಿದ್ದರು. ತಕ್ಕಡಿಯ ಮೇಲೆ ನಿಂತ ಕೂಡಲೇ ಅಕ್ಕ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

"ಯಾಕಮ್ಮಾ, ನೋಡಲ್ವಾ?" ಎಂದು ನರ್ಸು ಕೇಳಿದರೆ, "ನೀವು ಬರ್ಕೊಳ್ಳಿ. ನನ್ನ ತಕ್ಕಡಿ ಈ ಕೋಟು. ಇದು ನನ್ನನ್ನ ಹದಿನೈದು ವರ್ಷದಿಂದ ಬಲ್ಲದು, ನಿಮ್ಮದು ಮೊನ್ನೆ ಮೊನ್ನೆ ಪರಿಚಯ ಆಗಿದ್ದು," ಎನ್ನುತ್ತಿದ್ದಳು.

ನರ್ಸು ನಗುತ್ತ ತೂಕ ಬರೆದು ಫೈಲನ್ನು ತಮ್ಮನ ಕೈಗೆ ಕೊಡುತ್ತಿದ್ದಳು. ಆ ಅಂಕಿ ಪ್ರತಿ ಸಲವೂ ಇಳಿಯುತ್ತಿತ್ತು. ಅದನ್ನು ನೋಡುತ್ತಿದ್ದವನು ಅವನೊಬ್ಬನೇ.

ಎರಡನೆಯ ಸಲ ಹೋದಾಗ ಆಸ್ಪತ್ರೆಯ ಗಾಜಿನ ಬಾಗಿಲಲ್ಲಿ ಅಕ್ಕನಿಗೆ ತನ್ನ ನೆರಳು ಕಂಡಿತು. ನಿಂತುಬಿಟ್ಟಳು. "ನೋಡೋ, ನಾನು ಕೋಟು ಹಾಕ್ಕೊಂಡಿಲ್ಲ. ಕೋಟೇ ನನ್ನ ಹಾಕ್ಕೊಂಡಿದೆ." ನಕ್ಕಳು. ಆಮೇಲೆ ಬಸ್ಸಿನಲ್ಲಿ ಕೂತಾಗ ನಗು ಇರಲಿಲ್ಲ. "ಇನ್ನೊಂದು ಸಲ ಇದು ಹಿಂಗೆ ಜೋತಾಡಿದ್ರೆ ನಾನು ಬರಲ್ಲ ಕಣೋ. ಔಷಧಿ ಹಿಡೀತಿಲ್ಲ ಅಂತ ಅರ್ಥ ಅದು. ಸುಮ್ನೆ ಚುಚ್ಚಿಸ್ಕೊಳ್ಳೋದು ಯಾಕೆ? ಮನೇಲಿ ಮಷೀನಿನ ಪಕ್ಕ ಕೂತಿರ್ತೀನಿ."

ಅವಳು ಒಂದು ಮಾತು ಹೇಳಿದರೆ ಅದು ಬಟ್ಟೆಗೆ ಕತ್ತರಿ ಹಾಕಿದ ಹಾಗೆ. ಅವನು ವಾದ ಮಾಡಲಿಲ್ಲ. ಆ ವಾರ, ಒಗೆಯಲು ಕೊಡುತ್ತೇನೆಂದು ಹೇಳಿ ಕೋಟನ್ನು ಚೀಲದಲ್ಲಿಟ್ಟುಕೊಂಡು ಅಂಗಡಿಗೆ ಹೋದ. ಊಟದ ಬಿಡುವಿನಲ್ಲಿ ಅಸ್ತರು ಬಿಡಿಸಿ ಎರಡೂ ಬದಿ ಕಾಲಿಂಚು ಹಿಡಿದ. ಎಷ್ಟು ಹಿಡಿಯಬೇಕೆಂದು ಟೇಪು ಇಟ್ಟು ನೋಡಬೇಕಾಗಿರಲಿಲ್ಲ. ಬಸ್ಸು ಹತ್ತಿಸುವಾಗ, ಮೆಟ್ಟಿಲು ಇಳಿಸುವಾಗ ಅವಳ ಬೆನ್ನ ಸುತ್ತ ಬಳಸಿದ ಅವನ ಕೈಯೇ ಟೇಪಾಗಿತ್ತು.

"ಯಾರದ್ದು ಈ ವಿಚಿತ್ರ? ಗುಂಡಿ ನೋಡು, ಒಂದಕ್ಕೊಂದು ಮುಖ ತಿರುಗಿಸ್ಕೊಂಡಿವೆ," ಎಂದಳು ಮೇಲ್ವಿಚಾರಕಿ, ಅವನ ಮೇಜಿನ ಹತ್ತಿರ ನಿಂತು.

"ಗಿರಾಕೀದು," ಎಂದ ಅವನು.

ಮೂರನೆಯ ಸಲ ಆಸ್ಪತ್ರೆಗೆ ಹೊರಟಾಗ ಅಕ್ಕ ಕನ್ನಡಿಯ ಮುಂದೆ ಸ್ವಲ್ಪ ಹೊತ್ತು ನಿಂತಳು. ಎರಡೂ ಕೈಯಿಂದ ಪಕ್ಕೆಯನ್ನು ಸವರಿಕೊಂಡಳು. ದಾರಿಯಲ್ಲಿ ತಾನಾಗಿಯೇ, "ಇಳಿದಿಲ್ಲ ಬಿಡು," ಎಂದಳು. ಅವನ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಇಳಿದ ಜಾಗದಲ್ಲಿ ಇನ್ನೊಂದು ಕೂತಿತು. ಅದಾದ ಮೇಲೆ ಮತ್ತೊಂದು ಸಲ ಹಿಡಿದ. ಅವಳು ಆಸ್ಪತ್ರೆಗೆ ಬರುತ್ತಲೇ ಇದ್ದಳು. ಅವನಿಗೆ ಬೇಕಾಗಿದ್ದುದೂ ಅದೇ.

ಆ ನಡುವೆ ಮಗಳು ಒಂದು ಕನ್ನಡಕ ಕಳಿಸಿದಳು. ಗಾಜು ಅವಳೇ ಉಜ್ಜಿದ್ದು, ಮೊಟ್ಟಮೊದಲನೆಯದು. ಅಕ್ಕ ಅದನ್ನು ಹಾಕಿಕೊಂಡು ಮನೆಯೆಲ್ಲ ಓಡಾಡಿದಳು. "ಅಯ್ಯೋ ದೇವರೇ, ನಿನ್ನ ಕಿವೀಲಿ ಕೂದಲು ಬಂದಿದೆಯಲ್ಲೋ!" ಎಂದಳು ತಮ್ಮನಿಗೆ. ಅವತ್ತಿನಿಂದ ನಿದ್ದೆಯಲ್ಲಿ ಬಿಟ್ಟರೆ ಆ ಕನ್ನಡಕ ಮೂಗಿನಿಂದ ಇಳಿಯಲಿಲ್ಲ.

ನಾಲ್ಕನೆಯ ಸಲದ ನಂತರ ಅಂಗಡಿಯಲ್ಲಿ ರಿಯಾಯಿತಿಯ ಮಾರಾಟ ಶುರುವಾಯಿತು. ಮೇಜಿನ ಮೇಲೆ ಬಟ್ಟೆ ಬೆಟ್ಟದಂತೆ ಬಿತ್ತು. ತಲೆ ಎತ್ತಲು ಬಿಡುವಿಲ್ಲದೆ ಒಂದು ವಾರ ಕಳೆಯಿತು, ಹತ್ತು ದಿನ ಕಳೆಯಿತು. ಕೋಟು ಮನೆಯ ಮೊಳೆಗೆ ನೇತಾಡುತ್ತಲೇ ಇತ್ತು. ಒಂದು ಬೆಳಿಗ್ಗೆ ಅವನು ಹೊರಡುವಾಗ ಅಕ್ಕ ಕೇಳಿದಳು:

"ಹಸಿರು ದಾರದ ಉಂಡೆ ಎಲ್ಲೋ?"

ಆ ಉಂಡೆ ಅಂಗಡಿಯ ಮೇಜಿನ ಡ್ರಾಯರಿನಲ್ಲಿತ್ತು. ಮೊದಲ ಸಲ ಕೋಟಿನ ಜೊತೆ ಒಯ್ದಿದ್ದು ಅಲ್ಲೇ ಉಳಿದಿತ್ತು. "ನಂಗೇನು ಗೊತ್ತು," ಎಂದ. "ಯಾಕೆ?"

"ಏನಿಲ್ಲ. ದಿಂಬಿನ ಕವರಿಗೆ."

ಅವಳು ಮತ್ತೆ ಕೇಳಲಿಲ್ಲ. ದಿಂಬಿಗೆ ಹಸಿರು ಕವರು ಯಾವುದಿದೆ ಎಂದು ಅವನೂ ಯೋಚಿಸಲಿಲ್ಲ. ಮುಂದಿನ ಶನಿವಾರ ಹೇಗೋ ಬಿಡುವು ಮಾಡಿಕೊಂಡು ಕೋಟನ್ನು ಅಂಗಡಿಗೆ ಒಯ್ದು, ಮೂರನೆಯ ಸಾಲು ಹಾಕಿ, ಇಸ್ತ್ರಿ ಮಾಡಿ ಸಂಜೆಗೆ ತಂದು ಅದೇ ಮೊಳೆಗೆ ಸಿಕ್ಕಿಸಿದ.

ಮರುದಿನ ಭಾನುವಾರ, ಚಳಿ. ಅಕ್ಕ ಕೋಟು ಹಾಕಿಕೊಂಡಳು. ಅವನು ಅಡುಗೆಮನೆಯಲ್ಲಿ ಹಾಲು ಕಾಯಿಸುತ್ತಿದ್ದ.

"ಏ! ಬಾರೋ ಇಲ್ಲಿ!"

ಬಿದ್ದಳೇನೋ ಎಂದು ಓಡಿಬಂದ. ಕನ್ನಡಿಯ ಮುಂದೆ ನಿಂತಿದ್ದಳು. ನಾಲ್ಕನೆಯ ಗುಂಡಿಯನ್ನು ಒಂದು ಕೈಯಲ್ಲೂ ಅದರ ಕಾಜವನ್ನು ಇನ್ನೊಂದು ಕೈಯಲ್ಲೂ ಹಿಡಿದು ಎಳೆಯುತ್ತಿದ್ದಳು. ಎರಡರ ನಡುವೆ ಬೆರಳಗಲ ಜಾಗ. ಮುಟ್ಟುತ್ತಿರಲಿಲ್ಲ.

"ಗುಂಡಿ ಹಾಕೋಕೇ ಆಗ್ತಿಲ್ಲ ಕಣೋ! ಮೈ ಕೈ ತುಂಬ್ಕೊಂಡಿದೆ ನಂಗೆ!"

ಅವನು ಒಂದು ಕ್ಷಣ ಲೆಕ್ಕ ಹಾಕಿದ. ತಾನು ಹಿಡಿದದ್ದು ಅಳೆದು ತೂಗಿ, ಹೋದ ಸಲ ಆಸ್ಪತ್ರೆಗೆ ಹೋದಾಗಿನ ಅವಳ ಮೈಗೆ ಸರಿಯಾಗಿ. ತನ್ನ ಕೈ ತಪ್ಪುವುದಿಲ್ಲ. ಹಾಗಿದ್ದೂ ಬಿಗಿಯಾಗಿದೆ ಎಂದರೆ ಅಲ್ಲಿಂದೀಚೆಗೆ ಅವಳು ನಿಜವಾಗಿಯೂ ತುಂಬಿಕೊಂಡಿದ್ದಾಳೆ. ಬೇರೆ ದಾರಿಯೇ ಇಲ್ಲ. ಅವನು ಕನ್ನಡಿಯಲ್ಲಿ ಅವಳ ಮುಖ ನೋಡಿದ. ಕೆನ್ನೆಯಲ್ಲಿ ಬಣ್ಣ ಕೂಡ ಕಂಡಿತು. ಒಲೆಯ ಮೇಲೆ ಹಾಲು ಉಕ್ಕಿ ಸೀದುಹೋಯಿತು. ಇಬ್ಬರೂ ನಕ್ಕರು. ಅಷ್ಟು ಜೋರಾಗಿ ಆ ಮನೆಯಲ್ಲಿ ನಕ್ಕು ಎಷ್ಟು ಕಾಲವಾಗಿತ್ತೋ.

ಮಗಳು ಬುಧವಾರ ಹೊರಡುವುದಕ್ಕೆ ಟಿಕೆಟ್ ತೆಗೆಸಿದ್ದಳು. ಕಲಿಕೆ ಮುಗಿಯಲು ಇನ್ನೊಂದು ತಿಂಗಳು ಇದ್ದರೂ, ಅಮ್ಮನ ದನಿ ಫೋನಿನಲ್ಲಿ ಸಣ್ಣಗಾಗಿದೆ ಎಂದು ಹಟ ಹಿಡಿದಿದ್ದಳು. "ಅವಳಿಗೆ ಹೇಳಿಬಿಡು," ಎಂದಳು ಅಕ್ಕ, ಕೋಟಿನ ತೋಳಿನಿಂದ ಕೈ ಬಿಡಿಸಿಕೊಳ್ಳುತ್ತ. "ಅರ್ಧಕ್ಕೆ ಬಿಟ್ಟು ಬರೋದು ಬೇಡ. ನಾನೇನು ಓಡಿಹೋಗ್ತೀನಾ? ಮುಗಿಸ್ಕೊಂಡೇ ಬರ್ಲಿ."

ಅವನೇ ಫೋನು ಮಾಡಿದ. ಸಾಮಾನ್ಯವಾಗಿ ಎರಡು ಮಾತಿಗೆ ಮೂರನೆಯದು ಆಡದವನು ಅವತ್ತು ಹತ್ತು ನಿಮಿಷ ಮಾತಾಡಿದ.

"ನಿಜ ಹೇಳು ಮಾಮ. ನನ್ನ ಸಮಾಧಾನಕ್ಕೆ ಹೇಳ್ತಿಲ್ಲ ತಾನೇ?"

"ಗುಂಡಿ, ಕೋಟು ಸಾಲ್ತಿಲ್ಲ ಕಣೆ ಅವಳಿಗೆ. ನನ್ನ ಕಣ್ಣಾರೆ ನೋಡಿದೀನಿ. ನೀನು ನುಂಗಿದ ಗುಂಡೀನೇ ಹಾಕೋಕೆ ಆಗ್ತಿಲ್ಲ."

ಆ ಕಡೆಯಿಂದಲೂ ನಗು ಕೇಳಿತು. ಅವಳು ಟಿಕೆಟ್ ರದ್ದು ಮಾಡಿದಳು.

ಒಂಬತ್ತು ದಿನ. ಆ ಒಂಬತ್ತು ದಿನ ಅಕ್ಕ ಎರಡು ಚಮಚ ಹೆಚ್ಚಿಗೆ ತಿಂದಳು. "ಕೋಟು ಬಿಚ್ಚಿ ಸ್ವಲ್ಪ ಬಿಡಬೇಕು, ನೀನು ಮುಟ್ಟಬೇಡ, ನಾನೇ ಮಾಡ್ತೀನಿ," ಎನ್ನುತ್ತ ಮುಂದಕ್ಕೆ ಹಾಕುತ್ತ ಬಂದಳು. ಹತ್ತನೆಯ ದಿನ ಆಸ್ಪತ್ರೆಗೆ ಹೋಗುವ ದಿನ. ಬೆಳಿಗ್ಗೆ ಅವನು ಗಾಡಿ ಕರೆಯಲು ರಸ್ತೆಯ ತಿರುವಿನವರೆಗೆ ಹೋಗಿ ಬಂದ. ಅಕ್ಕ ಕುರ್ಚಿಯಲ್ಲಿ ಕೂತಿದ್ದಳು. ಒಂದು ಕಾಲಿಗೆ ಶೂ ಹಾಕಿಯಾಗಿತ್ತು. ಇನ್ನೊಂದು ಶೂ ಕೈಯಲ್ಲಿತ್ತು. ಕೋಟು ಮಡಿಲಲ್ಲಿತ್ತು. ಕನ್ನಡಕ ಮೂಗಿನ ಮೇಲಿತ್ತು. ಗಾಡಿಯವನು ಹೊರಗೆ ಎರಡು ಸಲ ಹಾರ್ನ್ ಮಾಡಿದ.

ಮಗಳು ಬಂದದ್ದು ಮರುದಿನ. ಎಲ್ಲ ಮುಗಿದಿತ್ತು. ಬಾಗಿಲಲ್ಲೇ ನಿಂತು ಅವಳು ಕೇಳಿದ್ದು ಒಂದೇ ಮಾತು: "ಕೋಟು ಸಾಲ್ತಿಲ್ಲ ಅಂದಿದ್ಯಲ್ಲ ಮಾಮ?" ಅವನು ತಲೆ ತಗ್ಗಿಸಿದ. ಅವಳೇ ಉತ್ತರ ಹುಡುಕಿಕೊಂಡಳು. "ಮೈಗೆ ನೀರು ತುಂಬಿರಬೇಕು. ಬಾವು ಬಂದಿರುತ್ತೆ. ನಮಗೆ ಹೇಗೆ ಗೊತ್ತಾಗಬೇಕು?" ಅವನು ಆ ಉತ್ತರವನ್ನೇ ಹಿಡಿದುಕೊಂಡ. ನಾಲ್ಕು ತಿಂಗಳು ಅದನ್ನೇ ಹೊದ್ದುಕೊಂಡು ಮಲಗಿದ. ಆದರೆ ತಕ್ಕಡಿ ಬೇಡವೆಂದು ಬಟ್ಟೆ ನಂಬಿದವನು ತಾನು. ಬಟ್ಟೆಗೆ ಸುಳ್ಳು ಕಲಿಸಿದವನೂ ತಾನು. ಹಾಗಿದ್ದೂ ತನ್ನ ಲೆಕ್ಕ ಎಲ್ಲಿ ತಪ್ಪಿತು ಎಂಬುದು ಮಾತ್ರ ಅವನಿಗೆ ಬಗೆಹರಿದಿರಲಿಲ್ಲ.

ಎರಡೂ ಬದಿ ಸೇರಿ ಆರನೆಯ ಸಾಲಿನ ಕೊನೆಯ ಎಳೆ ಬಿಟ್ಟಿತು. ಹೊಲಿಗೆಗಳನ್ನೆಲ್ಲ ಬೇರೆ ಯಾರೂ ಮುಟ್ಟಿರಲಿಲ್ಲ. ಹಾಕಿದವು ಹಾಕಿದ ಹಾಗೇ ಇದ್ದವು. ಅಂದರೆ ಅಕ್ಕ ಬಿಚ್ಚಿ ನೋಡಿರಲಿಲ್ಲ. ಮೈ ತುಂಬಿಕೊಂಡಿದೆ ಎಂದುಕೊಂಡೇ ಹೋಗಿದ್ದಳು. ಅದನ್ನು ಸಮಾಧಾನವೆಂದು ಎಣಿಸಬಹುದೇ ಎಂದು ಯೋಚಿಸುತ್ತ ಅವನು ದಾರದ ಚೂರುಗಳನ್ನು ಅಂಗೈಯಲ್ಲಿ ಉಂಡೆ ಮಾಡಿ ಜೇಬಿಗೆ ಹಾಕಿಕೊಂಡ. ಬಿಸಿ ಇಸ್ತ್ರಿ ಒತ್ತಿ, ಸೂಜಿಯ ತೂತುಗಳನ್ನು ಉಗುರಿನಿಂದ ಉಜ್ಜಿದ. ಅರ್ಧಕ್ಕರ್ಧ ಮುಚ್ಚಿದವು.

"ಮಾಮ! ಶುರು ಮಾಡ್ಬಿಟ್ಯಾ?" ಒದ್ದೆ ತಲೆಗೆ ಟವೆಲು ಸುತ್ತಿಕೊಂಡು ಅವಳು ಬಾಗಿಲಲ್ಲಿ ನಿಂತಿದ್ದಳು. "ನಾನು ಬಿಚ್ತೀನಿ ಅಂತ ಬಾಯಿ ಬಡ್ಕೊಂಡಿದ್ದೆ."

"ಏನೂ ಬಿಚ್ಚಿಲ್ಲ. ಅಸ್ತರು ಸಿಕ್ಕಿಹಾಕ್ಕೊಂಡಿತ್ತು, ಬಿಡಿಸಿದೆ. ಈಗ ಹಾಕ್ಕೋ, ಸರಿಯಾಗಿರುತ್ತೆ."

ಅವಳು ಬದಿಯ ಮೇಲೆ ಬೆರಳು ಓಡಿಸಿದಳು. "ಇಲ್ಲಿ ಸಣ್ಣಸಣ್ಣ ತೂತು ಇದೆ."

"ಪರದೆ ಬಟ್ಟೆ ಅಲ್ವಾ. ಹಳೇ ಹೊಲಿಗೇದು."

ಅವಳು ಕೋಟು ಹಾಕಿಕೊಂಡಳು. ತಾಯಿ ಮಗಳದು ಒಂದೇ ಅಚ್ಚು. ಕಾಯಿಲೆಗೆ ಮೊದಲು ಅಕ್ಕ ಹೇಗಿದ್ದಳೋ ಈಗ ಇವಳು ಹಾಗೆ. ಬದಿಯ ಹಿಡಿತವೆಲ್ಲ ಬಿಟ್ಟ ಮೇಲೆ ಕೋಟು ಕೈಗವಸಿನ ಹಾಗೆ ಕೂರಬೇಕಾಗಿತ್ತು. ಅವಳು ಮೂರು ಗುಂಡಿ ಹಾಕಿ ನಾಲ್ಕನೆಯದಕ್ಕೆ ಬಂದು ನಿಂತಳು.

"ಇನ್ನೂ ಹಿಡೀತಿದೆ."

"ಆಗಲ್ಲ."

"ಏನು ಆಗಲ್ಲ? ನನ್ನ ಬೆನ್ನು ನಂಗೊತ್ತಿಲ್ವಾ? ಇಲ್ಲಿ, ಎರಡು ಹೆಗಲಿನ ನಡುವೆ ಯಾರೋ ಚಿವುಟಿ ಹಿಡ್ಕೊಂಡ ಹಾಗಿದೆ."

ಅವನು ಅವಳ ಹಿಂದೆ ಹೋಗಿ ನಿಂತ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಬೆನ್ನಿನ ಹೊಲಿಗೆಯನ್ನು ಬೆರಳಿನಿಂದ ಒತ್ತಿ ನೋಡಿದ. ಒಳಗೆ ದಪ್ಪವಿತ್ತು. ಇರಬೇಕಾದುದಕ್ಕಿಂತ ಹೆಚ್ಚು ಬಟ್ಟೆ ಒಳಗೆ ಮಡಚಿಕೊಂಡಿತ್ತು.

"ಬಿಚ್ಚೋಣ," ಎಂದಳು ಅವಳು, ಕೋಟು ತೆಗೆದು ಮೇಜಿನ ಮೇಲೆ ಹರಡುತ್ತ. "ಈ ಸಲ ಬ್ಲೇಡು ಇಲ್ಲಿ ಕೊಡು."

"ಬೆನ್ನು ಮುಟ್ಟಬಾರದು."

"ಯಾರು ಹೇಳಿದ್ದು?"

"ನಿಮ್ಮಮ್ಮ."

"ಅಮ್ಮ ಈಗ ಬಂದು ಬೈತಾಳಾ? ಬಂದ್ರೆ ಒಳ್ಳೇದೇ ಆಯ್ತು." ಅವಳೇ ಅವನ ಕೈಯಿಂದ ಬ್ಲೇಡು ತೆಗೆದುಕೊಂಡು, ಕಾಲರಿನ ಕೆಳಗೆ ಅಸ್ತರನ್ನು ಬಿಡಿಸಿ, ಬೆರಳು ಹಾಕಿ ಅಗಲಿಸಿದಳು.

ನೀಲಿ ದಾರ. ಹಸಿರು ಬಟ್ಟೆಯ ಮೇಲೆ ಮೇಲಿನಿಂದ ಸೊಂಟದವರೆಗೆ ನೀಲಿ ದಾರದ ಒಂದು ಉದ್ದ ಸಾಲು, ಯಂತ್ರದ್ದಲ್ಲ, ಕೈಯದು. ಸೂಜಿ ಒಂದು ಹೆಜ್ಜೆ ಮುಂದೆ ಹೋಗಿ ಅರ್ಧ ಹೆಜ್ಜೆ ಹಿಂದೆ ಬಂದು ಮತ್ತೆ ಮುಂದೆ ಹೋದ ಹೊಲಿಗೆ. ಐದು ಹೊಲಿಗೆಗೆ ಒಂದು ಸಣ್ಣ ಗಂಟು, ನಡುವೆ ಕಿತ್ತರೂ ಪೂರ್ತಿ ಬಿಚ್ಚದಿರಲಿ ಎಂದು. ಅಕ್ಕ ಮಾತ್ರ ಹಾಗೆ ಹಾಕುತ್ತಿದ್ದಳು. ಕಾಲಿನಲ್ಲಿ ಯಂತ್ರ ತುಳಿಯುವ ಶಕ್ತಿ ಹೋಗಿದ್ದರಿಂದ ಕೈಯಲ್ಲೇ ಕೂತು ಹಾಕಿದ್ದಳು. ಹಸಿರು ಉಂಡೆ ಸಿಗದೆ ನೀಲಿ ತೆಗೆದುಕೊಂಡಿದ್ದಳು. ತಮ್ಮ ಎಂದೂ ಕೈ ಹಾಕದ ಜಾಗ ಇದೊಂದೇ ಎಂದು ಅವಳಿಗೆ ಗೊತ್ತಿತ್ತು. ಆ ಪಾಠ ಹೇಳಿಕೊಟ್ಟವಳು ಅವಳೇ.

ಅವನು ಆ ಗಂಟುಗಳನ್ನು ಮೇಲಿನಿಂದ ಕೆಳಗೆ ಎಣಿಸಿದ. ಆ ಹತ್ತು ದಿನ. ಮೊಳೆಯಲ್ಲಿ ನೇತಾಡುತ್ತಿದ್ದ ಕೋಟನ್ನು ಅವನಿಲ್ಲದಾಗ ಹಾಕಿ ನೋಡಿದ್ದಾಳೆ. ಜೋತಾಡಿದೆ. ತಮ್ಮನ ಕಣ್ಣಿಗೆ ಬಿದ್ದರೆ ಅವನು ಕುಸಿದುಹೋಗುತ್ತಾನೆ ಎಂದು ಒಳಗೆ ಮಡಚಿ ಹೊಲಿದಿದ್ದಾಳೆ, ಎಷ್ಟು ಬೇಕೋ ಅಷ್ಟು, ಎಳೆ ಹೆಚ್ಚಿಲ್ಲ, ಎಳೆ ಕಡಿಮೆಯಿಲ್ಲ. ಅದರ ಮೇಲೆ ಶನಿವಾರ ಅವನು ಅಷ್ಟನ್ನೇ ಬದಿಯಲ್ಲಿ ಹಿಡಿದಿದ್ದಾನೆ. ಭಾನುವಾರ ಕನ್ನಡಿಯ ಮುಂದೆ ಅವಳೂ ಅವನ ಹಾಗೆಯೇ ಲೆಕ್ಕ ಹಾಕಿರಬೇಕು: ನನ್ನ ಕೈ ತಪ್ಪುವುದಿಲ್ಲ, ಹಾಗಿದ್ದೂ ಬಿಗಿಯಾಗಿದೆ ಎಂದರೆ...

"ಇದು ಅಮ್ಮನ ಹೊಲಿಗೆ ಅಲ್ವಾ?" ಗುಂಡಿ ನಿಧಾನವಾಗಿ ಕೇಳಿದಳು.

"ಹ್ಞೂಂ."

"ಹಾಗಾದ್ರೆ ಬಾವೂ ಇರಲಿಲ್ಲ, ಏನೂ ಇರಲಿಲ್ಲ. ಅವಳೇ ಸಣ್ಣ ಮಾಡಿಟ್ಟು ಹಾಕ್ಕೊಂಡಿದ್ಲು." ಅವಳು ನಗಲು ನೋಡಿದಳು. "ನಿನಗೇ ಟೋಪಿ ಹಾಕಿದಳಲ್ಲ ಮಾಮ. ಇಡೀ ದಿನ ಇದೇ ಕೆಲಸ ಮಾಡೋ ನಿನಗೆ."

ಅವಳು ನೀಲಿ ಸಾಲಿನ ಮೇಲೆ ಬೆರಳಿಟ್ಟು ಕೆಳಗಿನವರೆಗೂ ಎಳೆದಳು. ಮತ್ತೆ ಮೇಲಕ್ಕೆ ಬಂದಳು. ಅವಳ ಹುಬ್ಬು ಗಂಟಾಯಿತು. ಆ ಕಣ್ಣಿನ ಬಗ್ಗೆ ಅವನಿಗೆ ಭಯವಿದ್ದದ್ದು ಸುಳ್ಳಾಗಲಿಲ್ಲ.

"ಆದ್ರೆ ಇದು ಹೆಂಗೆ ಮಾಮ? ಸಡಿಲ ಕಾಣಬಾರದು ಅಂತ ತಾನೇ ಹಿಡಿದಿದ್ದು? ಸರಿಯಾಗೋ ಅಷ್ಟು ಹಿಡೀಬೇಕಿತ್ತು. ಗುಂಡಿ ಹಾಕೋಕೂ ಆಗದಷ್ಟು ಯಾಕೆ ಹಿಡಿದ್ಲು? ಅಮ್ಮ ಯಾವತ್ತಾದ್ರೂ ಅಳತೆ ತಪ್ಪಿದಾಳಾ?"

ಇದೇ ಹೊತ್ತು. ಜೇಬಿನಲ್ಲಿ ಹಸಿರು ದಾರದ ಉಂಡೆ ಇತ್ತು. ತೆಗೆದು ಮೇಜಿನ ಮೇಲಿಟ್ಟರೆ ಸಾಕು, ಬಾಯಿ ತೆರೆಯುವುದೂ ಬೇಡ. ಅವನ ಕೈ ಜೇಬಿನವರೆಗೆ ಹೋಯಿತು.

"ಕಣ್ಣು ಸರಿಯಾಗಿ ಕಾಣ್ತಿರಲಿಲ್ಲ ಅವಳಿಗೆ," ಎಂದ.

ಅವಳು ತಲೆ ಎತ್ತಿದಳು. "ಕಾಣ್ತಿರಲಿಲ್ವಾ?"

"ಕೊನೇ ಕೊನೇಲಿ."

"ನನ್ನ ಕನ್ನಡಕ ಹಾಕ್ಕೊಂಡೂನಾ?"

ಅವನು ಕಿಟಕಿಯ ಕಡೆ ನೋಡಿದ. ಎದುರು ಮನೆಯ ತಂತಿಯ ಮೇಲೆ ಯಾರದೋ ಅಂಗಿಗಳು ತಲೆಕೆಳಗಾಗಿ ಒಣಗುತ್ತಿದ್ದವು.

"ಎಡಗಣ್ಣಿನ ಗಾಜು," ಎಂದಳು ಅವಳು, ತನಗೆ ತಾನೇ ಹೇಳಿಕೊಳ್ಳುವಂತೆ. "ಉಜ್ಜುವಾಗಲೇ ನಂಗೆ ಅನುಮಾನ ಇತ್ತು. ಮೇಷ್ಟ್ರು ಸಾಕು ಅಂದ್ರು. ಮೊದಲ್ನೇದಲ್ವಾ ಅಂತ ನಾನೂ ಸುಮ್ನಾದೆ. ಸರಿಯಾಗಿ ಉಜ್ಜಿದ್ರೆ ಅವಳು ಅಳತೆ ತಪ್ತಾ ಇರಲಿಲ್ಲ. ಕೋಟು ಬಿಗಿಯಾಗ್ತಿರಲಿಲ್ಲ. ನೀನು ಫೋನು ಮಾಡ್ತಿರಲಿಲ್ಲ. ನಾನು ಬುಧವಾರ ಹೊರಟು ಬಂದುಬಿಡ್ತಿದ್ದೆ." ಅವಳ ಬೆರಳು ಒಂದು ಗಂಟಿನ ಮೇಲೆ ನಿಂತಿತು. "ಇದನ್ನ ಬಿಚ್ಚಬೇಡ ಮಾಮ. ಬೇಡ. ಬಿಗಿಯಾಗೇ ಇರ್ಲಿ. ಹೀಗೇ ಹಾಕ್ಕೊಂಡು ಹೋಗ್ತೀನಿ."

ಅವಳು ಸೂಜಿ ಕೇಳಿದಳು. ಅವನು ಪೋಣಿಸಿ ಕೊಟ್ಟ. ಬಿಡಿಸಿದ ಅಸ್ತರನ್ನು ಅವಳು ತನ್ನ ಕೈಯಿಂದಲೇ, ಸೊಟ್ಟಪಟ್ಟ, ಬೆರಳಿಗೆ ಎರಡು ಸಲ ಚುಚ್ಚಿಕೊಂಡು ಮುಚ್ಚಿದಳು. ಅವನು ಪಕ್ಕದಲ್ಲಿ ಕೂತು, ಮುಂದೆ, ಈಗ ಅರ್ಧ ಹಿಂದೆ, ಮತ್ತೆ ಮುಂದೆ, ಎಂದು ಹೇಳಿಕೊಟ್ಟ. ಮರುದಿನ ಅವಳು ಮೂರು ಗುಂಡಿ ಹಾಕಿ, ನಾಲ್ಕನೆಯದನ್ನು ಹಾಗೇ ಬಿಟ್ಟುಕೊಂಡು ಬಸ್ಸು ಹತ್ತಿದಳು. ಬಸ್ಸು ಹೊರಡುವವರೆಗೂ ಅವನು ಕಿಟಕಿಯ ಕೆಳಗೆ ನಿಂತಿದ್ದ. ಹುಷಾರು, ಎಂದ. ತಲುಪಿದ ಕೂಡಲೇ ಫೋನು ಮಾಡು, ಎಂದ.

ಕನ್ನಡಕ ಸರಿಯಾಗಿತ್ತು, ಅಕ್ಕನ ಅಳತೆಯೂ ಸರಿಯಾಗಿತ್ತು, ಬದಿಯ ಹೊಲಿಗೆ ತನ್ನದು ಎಂದು ಅವನು ಹೇಳಲಿಲ್ಲ.